ಕೆನಡಾ ಟ್ರಾನ್ಸಿಟ್ ನಂಬರ್ ಅಂದ್ರೆ ನಮ್ಮ ಐಎಫ್ಎಸ್‌ಸಿ ತರಾನೇನಾ?

ಗೋಣಿಕೊಪ್ಪ ತೋಟದವ್ರು:
ಮಗಳು ಟೊರೊಂಟೋದಲ್ಲಿ ಓದ್ತಾ ಇದಾಳೆ, ರೂಮ್ ಬಾಡಿಗೆಗೆ ಕಾಫಿ ದುಡ್ಡಲ್ಲಿ ಸ್ವಲ್ಪ ಕಳಿಸೋಣ ಅಂತ ಬ್ಯಾಂಕಿಗೆ ಹೋದ್ರೆ ಫಾರಂನಲ್ಲಿ ರೂಟಿಂಗ್ ನಂಬರ್ ಅಂತ ಒಂದು ಕಾಲಂ, ಅವಳು ವಾಟ್ಸಾಪಲ್ಲಿ ಕಳಿಸಿರೋದು ಟ್ರಾನ್ಸಿಟ್ ಅಂತ 5 ಅಂಕಿ, ಇನ್ಸ್ಟಿಟ್ಯೂಷನ್ ಅಂತ 003, ಅಕೌಂಟ್ ನಂಬರ್ ಬರೀ 7 ಅಂಕಿ. ಕೌಂಟರ್ ಹುಡುಗ ಐಎಫ್ಎಸ್‌ಸಿ ತನ್ನಿ ಅಂತಾನೆ. ಯಾವುದನ್ನ ಎಲ್ಲಿ ಬರೀಲಿ? ಮುಂದಿನ ತಿಂಗಳು ವ್ಯಾಂಕೂವರ್‌ಗೆ ಬೇರೆ ಹೋಗ್ತಾಳಂತೆ, ನಂಬರ್ ಬದಲಾಗುತ್ತಾ?

ಕುಶಾಲನಗರ ಹುಡ್ಗ:
ಗೂಗಲ್ ಮಾಡಿ ಸಾರ್, ಬ್ಯಾಂಕ್ ಹೆಸ್ರು ಹಾಕಿದ್ರೆ 9 ಅಂಕಿ ಬರುತ್ತೆ, ಅದನ್ನೇ ಹಾಕ್ಬಿಡಿ

ವಿರಾಜಪೇಟೆ ರಿಟೈರ್ಡ್:
ಹಾಗೆಲ್ಲ ಹಾಕ್ಬೇಡಿ ಮಾರಾಯ್ರೆ! ಅಮೆರಿಕದ ಬ್ಯಾಂಕುಗಳ ರೂಟಿಂಗ್ ನಂಬರ್ರೂ (ಎಬಿಎ ಅಂತಾರೆ) 9 ಅಂಕಿನೇ, ಕೆನಡಾದ ಕೆಲವು ಬ್ಯಾಂಕುಗಳಿಗೆ ಅಲ್ಲೂ ವ್ಯವಹಾರ ಇದೆ, ಯಾವುದೋ ನಂಬರ್ ಹಾಕಿ ದುಡ್ಡು ವಾಪಸ್ ಬಂದ್ರೆ ಚಾರ್ಜು ನಿಮ್ಮ ತಲೆಗೆ.

ಕೆನಡಾದ ರೂಟಿಂಗ್ ನಂಬರ್ ಹೀಗೆ: ಮೊದಲು ಒಂದು ಸೊನ್ನೆ, ಆಮೇಲೆ ಬ್ಯಾಂಕಿನ 3 ಅಂಕಿ (ಇನ್ಸ್ಟಿಟ್ಯೂಷನ್), ಆಮೇಲೆ ಬ್ರಾಂಚಿನ 5 ಅಂಕಿ (ಟ್ರಾನ್ಸಿಟ್). ನಿಮ್ಮದು 0003 ಅಂತ ಶುರುವಾಗುತ್ತೆ, ಮುಂದಕ್ಕೆ ಮಗಳ ಟ್ರಾನ್ಸಿಟ್ ಸೇರಿಸಿ. ಆದ್ರೆ ಚೆಕ್ಕಲ್ಲಿ ಮಾತ್ರ ಉಲ್ಟಾ, ಟ್ರಾನ್ಸಿಟ್ ಮೊದಲು, ಬ್ಯಾಂಕ್ ಕೋಡ್ ಆಮೇಲೆ, ಸೊನ್ನೆ ಇರಲ್ಲ, ಜನ ಎಡವೋದು ಇಲ್ಲೇ. ನಮ್ಮಲ್ಲಿ ಕೋರ್ ಬ್ಯಾಂಕಿಂಗ್ ಬಂದ್ಮೇಲೆ ಅಕೌಂಟ್ ನಂಬರ್ ಇಡೀ ಬ್ಯಾಂಕಿಗೇ ಒಂದು, ಅಲ್ಲಿ 7 ಅಂಕಿ ಅಕೌಂಟಿಗೆ ಟ್ರಾನ್ಸಿಟ್ ಇಲ್ದಿದ್ರೆ ಯಾವ ಬ್ರಾಂಚಿಂದು ಅಂತಾನೇ ಗೊತ್ತಾಗಲ್ಲ.

ಅವಳು ಊರು ಬದಲಿಸಿದ್ರೂ ಅಕೌಂಟ್ ತೆಗೆದ ಬ್ರಾಂಚಿನ ನಂಬರೇ ಇರುತ್ತೆ, ಅಕೌಂಟನ್ನೇ ಬೇರೆ ಬ್ರಾಂಚಿಗೆ ಹಾಕಿಸಿಕೊಳ್ಳದಿದ್ರೆ. ವಿದೇಶಕ್ಕೆ ಕಳಿಸುವಾಗ ಬ್ಯಾಂಕನ್ನ ಗುರುತಿಸೋ ಸ್ವಿಫ್ಟ್ ಕೋಡೂ ಬೇಕು, 8 ಅಥವಾ 11 ಅಕ್ಷರ. ಯುರೋಪ್ ಕಡೆ ಬಳಸೋ ಐಬಿಎಎನ್ ಅನ್ನೋ ಉದ್ದದ ಅಕೌಂಟ್ ನಂಬರ್ ಕೇಳಿದ್ರೆ ಕೆನಡಾಗೆ ಅದಿಲ್ಲ ಅನ್ನಿ.

ಮಡಿಕೇರಿ ಮಂಜು:
ನಮ್ಮಲ್ಲೂ ಕಡಿಮೆ ಗೊಂದಲ ಇರಲಿಲ್ಲ ಬಿಡಿ, ಸಿಂಡಿಕೇಟ್ 2020ರಲ್ಲಿ ಕೆನರಾಗೆ ಸೇರಿದ್ಮೇಲೆ ಐಎಫ್ಎಸ್‌ಸಿ ಎಲ್ಲಾ ಬದಲಾಯ್ತು, ಹಳೇದು 2021ರ ಜುಲೈಯಿಂದ ನಡೀಲಿಲ್ಲ. ಟೈಪ್ ಮಾಡಿ ಕಳಿಸಿದ್ದನ್ನ ನಂಬಬೇಡಿ ಅಣ್ಣ, ಬ್ಯಾಂಕ್ ಆ್ಯಪಲ್ಲಿ ಡೈರೆಕ್ಟ್ ಡೆಪಾಸಿಟ್ ಫಾರಂ ಅಂತ ಪಿಡಿಎಫ್ ಇರುತ್ತೆ, ಅದನ್ನ ಕಳಿಸೋಕೆ ಹೇಳಿ, ಮೂರೂ ನಂಬರ್ ಅದರಲ್ಲೇ ಇರುತ್ತೆ.

ಗೋಣಿಕೊಪ್ಪ ತೋಟದವ್ರು:
ಥ್ಯಾಂಕ್ಸ್, ಪಿಡಿಎಫ್ ಕೇಳಿದೀನಿ. ಅಲ್ಲಿ ಈಗ ರಾತ್ರಿ, ಎದ್ಮೇಲೆ ಕಳಿಸ್ತಾಳೆ. ವಿದೇಶಕ್ಕೆ ದುಡ್ಡು ಕಳಿಸೋಕೆ ತುಂಬೋ ಎ2 ಫಾರಂಗೆ ಪ್ಯಾನ್ ಬಿಟ್ಟು ಇನ್ನೇನಾದ್ರೂ ಬೇಕಾ?

ವಿರಾಜಪೇಟೆ ರಿಟೈರ್ಡ್:
ಕಾಲೇಜಿನ ಅಡ್ಮಿಷನ್ ಲೆಟರ್ ಕಾಪಿ ಇಟ್ಕೊಂಡು ಹೋಗಿ, ದುಡ್ಡು ಯಾತಕ್ಕೆ ಅನ್ನೋ ಪರ್ಪಸ್ ಕೋಡ್ ಹಾಕುವಾಗ ಕೇಳ್ತಾರೆ.