ಬಿಸಿಯೂಟ ಆದ್ಮೇಲೆ ಏಳನೇ ಕ್ಲಾಸ್ ಕೈಗೇ ಸಿಗ್ತಿಲ್ಲ, ಏನ್ ಮಾಡ್ಲಿ?

ಜಗಳೂರು ಮಿಸ್:
ಎಲ್ರಿಗೂ ನಮಸ್ಕಾರ. ಜಗಳೂರು ತಾಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಈ ವರ್ಷ ಜಿಪಿಟಿ (ಪದವೀಧರ ಪ್ರಾಥಮಿಕ ಶಿಕ್ಷಕಿ) ಆಗಿ ಬಂದಿದೀನಿ, ಆರು ಏಳು ಎಂಟಕ್ಕೆ ಗಣಿತ ವಿಜ್ಞಾನ. ಬೆಳಿಗ್ಗೆ ಏನೂ ತೊಂದ್ರೆ ಇಲ್ಲ, ಊಟ ಮುಗ್ಸಿ ಬಂದ್ರೆ ಏಳನೇ ಕ್ಲಾಸು ಸೋಮವಾರದ ಸಂತೆ, ಒಬ್ಬ ನೀರಿಗೆ ಹೋಗ್ಬೇಕು ಅಂತಾನೆ ಇನ್ನೊಬ್ಳು ಪೆನ್ ಕಿತ್ಕೊಂಡ್ರು ಅಂತಾಳೆ, ಕೂಗಿ ಕೂಗಿ ನನ್ ಗಂಟ್ಲು ಹೋಗಿದೆ. ಮಾತಾಡೋರ ಹೆಸ್ರು ಲೀಡರ್ ಕೈಲಿ ಬೋರ್ಡ್ ಮೇಲೆ ಬರೆಸಿದ್ರೆ ಅದಕ್ಕೇ ಮತ್ತೊಂದು ಜಗಳ. ಹೊಡೆಯೋದು ನಂಗಾಗಲ್ಲ. ನೀವೆಲ್ಲ ಹೆಂಗ್ ನಿಭಾಯಿಸ್ತೀರ?

ಹಿರಿಯೂರು ಮೇಷ್ಟ್ರು:
ಮೇಡಂ, ಹೆಸ್ರು ಬರೆಸೋದು ಮೊದ್ಲು ನಿಲ್ಸಿ. ಲೀಡರ್ ಗೆಳೆಯರ ಹೆಸ್ರು ಯಾವತ್ತೂ ಬರಲ್ಲ, ಆಗದೇ ಇರೋನ ಹೆಸರಿಗೆ ಮೂರು ಗೆರೆ ಬಿದ್ದಿರುತ್ತೆ. ಊಟದ ಬೆಲ್ ಮುಗಿಯೋಕೆ ಮುಂಚೆನೇ ಬೋರ್ಡ್ ಮೇಲೊಂದು ಲೆಕ್ಕ ಬರ್ದಿಡಿ, ಕ್ವಿಂಟಾಲ್ ಮೆಕ್ಕೆಜೋಳ 2,200 ಆದ್ರೆ 35 ಕೆಜಿಗೆ ಎಷ್ಟು, ಇಂಥದ್ದು. ನೀವು ಬಾಗಿಲಲ್ಲಿ ನಿಂತ್ಕೊಳ್ಳಿ, ಒಳಗೆ ಬಂದೋರು ಬಂದಂಗೇ ಬರೆಯೋಕೆ ಕೂರ್ಲಿ. ಗಲಾಟೆ ಹುಟ್ಟೋದೇ ಮಕ್ಕಳು ಬಂದು ಕೂತು ನಾವಿನ್ನೂ ಡಸ್ಟರ್ ಹುಡುಕ್ತಿರೋ ಹೊತ್ತಲ್ಲಿ.

ಇನ್ನೊಂದು, ಪ್ರಶ್ನೆ ಕೇಳಿದ ಮೇಲೆ ಸ್ವಲ್ಪ ಸುಮ್ನಿರಿ. 1970ರ ದಶಕದಲ್ಲಿ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಅನ್ನೋರು ಟೀಚರ್‌ಗಳು ಪ್ರಶ್ನೆ ಕೇಳಿ ಹೆಚ್ಚುಕಮ್ಮಿ ಒಂದೇ ಸೆಕೆಂಡ್ ಕಾಯ್ತಾರೆ ಅಂತ ತೋರಿಸಿದ್ರು, ಮೂರು ಸೆಕೆಂಡ್ ಕಾದ್ರೆ ಉತ್ತರಾನೂ ಉದ್ದ ಬರುತ್ತೆ, ಬಾಯಿ ಬಿಡದೇ ಇರೋರೂ ಮಾತಾಡ್ತಾರೆ. ನಾವೇ ಕೇಳಿ ನಾವೇ ಹೇಳ್ಬಿಟ್ರೆ ಹಿಂದಿನ ಬೆಂಚಿಗೆ ಏನ್ ಕೆಲ್ಸ ಇರುತ್ತೆ ಹೇಳಿ?

ದಾವಣಗೆರೆ ಪೋಷಕ:
ನಮ್ ಕಾಲದಲ್ಲಿ ಟೇಬಲ್ ಮೇಲೆ ಬೆತ್ತ ಇದ್ರೆ ಸಾಕಿತ್ತು ಬಿಡ್ರಿ, ಸೊಳ್ಳೆ ಸದ್ದೂ ಇರ್ತಿರ್ಲಿಲ್ಲ.

ಚಳ್ಳಕೆರೆ ವಿಜ್ಞಾನ:
ಸರ್, 2009ರ ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆ ಸೆಕ್ಷನ್ 17ರ ಪ್ರಕಾರ ಹೊಡೆಯಂಗಿಲ್ಲ, ಮಾನಸಿಕ ಹಿಂಸೆನೂ ಕೊಡಂಗಿಲ್ಲ, ಮಾಡಿದ್ರೆ ಸೇವಾ ನಿಯಮದ ಮೇಲೆ ಶಿಸ್ತು ಕ್ರಮ. ಕಾಯ್ದೆ ಪಕ್ಕಕ್ಕಿಡಿ, ಬೆತ್ತಕ್ಕೆ ಸುಮ್ನಾದೋನಿಗೆ ಪಾಠ ಅರ್ಥ ಆಯ್ತು ಅಂತೇನಿಲ್ವಲ್ಲ.

ಮಿಸ್, ನಮ್ ಕಡೆ ಶೇಂಗಾ ಬಿಡಿಸೋಕೆ ಅಂತ ವಾರಗಟ್ಲೆ ಬಿಟ್ಟು ಬರೋ ಹುಡುಗ್ರು ಇರ್ತಾರೆ, ಪಾಠ ಎಲ್ಲಿಗೆ ಬಂತು ಗೊತ್ತಿಲ್ಲ, ಕೇಳೋಕೆ ನಾಚಿಕೆ, ಅದಕ್ಕೆ ಪಕ್ಕದೋನ್ನ ಕೆಣಕ್ತಾರೆ. ಅಂಥೋರ್ನ ಎಲ್ರ ಮುಂದೆ ಬಯ್ಯಬೇಡಿ, ಈ ವಯಸ್ಸಿಗೆ ಅವ್ರಿಗೆ ಗೆಳೆಯರ ಮುಂದೆ ಮರ್ಯಾದೆನೇ ದೊಡ್ಡದು, ಎದುರುತ್ತರ ಕೊಟ್ಟೇ ಕೊಡ್ತಾರೆ. ಪಾಠ ಮಾಡ್ತಾನೇ ಅವನ ಬೆಂಚ್ ಹತ್ರ ಹೋಗಿ ನಿಂತ್ಕೊಳ್ಳಿ, ಹೆಸ್ರು ಹಿಡಿದು ಕೂಗೋದೇ ಬೇಡ. ಬಿಟ್ಟ ದಿನ ಏನ್ ನಡೀತು ಅಂತ ಸಂಜೆ ವರಾಂಡದಲ್ಲಿ ಒಬ್ಬನ್ನೇ ಕರ್ದು ಹೇಳಿಕೊಡಿ.

ಜಗಳೂರು ಮಿಸ್:
ಥ್ಯಾಂಕ್ಸ್ ಸರ್, ಬೋರ್ಡ್ ಲೆಕ್ಕ ನಾಳೆಯಿಂದನೇ. ಆದ್ರೆ ಎರಡೇ ನಿಮಿಷಕ್ಕೆ ಮುಗ್ಸಿ ಉಳಿದೋರ್ನ ಕೆಡಿಸೋ ಇಬ್ರು ಇದಾರೆ, ಅವ್ರಿಗೆ?

ಹಿರಿಯೂರು ಮೇಷ್ಟ್ರು:
ಮಾರನೇ ದಿನದ ಲೆಕ್ಕ ಅವ್ರೇ ತಯಾರು ಮಾಡ್ಲಿ. ಬೋರ್ಡಿಗೆ ಹಾಕೋ ಮುಂಚೆ ನೀವೊಂದ್ಸಲ ಬಿಡಿಸಿ ನೋಡ್ಕೊಳ್ಳಿ ಮೇಡಂ, ಉತ್ತರಾನೇ ಬರದಿರೋ ಲೆಕ್ಕ ಬರ್ದು ಮಜಾ ನೋಡೋ ಮಕ್ಕಳು ಇವು.