ಸ್ಮಿಯರ್ ರಿಪೋರ್ಟ್‌ನಲ್ಲಿ ಟ್ರೈಕೋಮೊನಾಸ್ ಅಂತ ಬಂದಿದೆ, ಇದು ಕ್ಯಾನ್ಸರ್ ಆಗುತ್ತಾ?

ಬೇಲೂರು ಟೈಲರ್:
ನನಗೆ 41 ವರ್ಷ. ಬೇಲೂರಿನಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇದೆ. ಮೂರು ತಿಂಗಳಿಂದ ಬಿಳಿ ಸೆರಗು ಜಾಸ್ತಿ. ಹೆಸರಿಗೆ ಬಿಳಿ, ನಿಜವಾಗಿ ಹಳದಿ ಹಸಿರು, ನೊರೆ ನೊರೆ, ವಾಸನೆ ಬೇರೆ. ಮಿಷನ್ ಮುಂದೆ ಕೂತರೆ ತುರಿಕೆ ತಡೆಯಲು ಆಗಲ್ಲ. ಮೊದಲು ಮೆಡಿಕಲ್ ಶಾಪಿನವರು ಫಂಗಸ್ ಮಾತ್ರೆ ಕೊಟ್ಟರು, ಏನೂ ಪ್ರಯೋಜನ ಆಗಲಿಲ್ಲ. ಕೊನೆಗೆ ಹಾಸನಕ್ಕೆ ಹೋಗಿ ಪ್ಯಾಪ್ ಸ್ಮಿಯರ್ (ಗರ್ಭಕೋಶದ ಬಾಯಿಯ ಜೀವಕೋಶ ತೆಗೆದು ನೋಡುವ ಪರೀಕ್ಷೆ) ಮಾಡಿಸಿದೆ. ಕ್ಯಾನ್ಸರ್ ಲಕ್ಷಣ ಇಲ್ಲ, ಆದರೆ ಟ್ರೈಕೋಮೊನಾಸ್ ವಜೈನಾಲಿಸ್ ಇದೆ ಅಂತ ಬಂತು. ಏಳು ದಿನಕ್ಕೆ ಮೆಟ್ರೊನಿಡಜೋಲ್ ಮಾತ್ರೆ ಬರೆದರು, ಯಜಮಾನರಿಗೂ ಕೊಡಿ ಅಂದರು. ಹೊರಗೆ ಅಷ್ಟೊಂದು ಜನ ಕಾಯುತ್ತಿದ್ದರು, ಹೆಚ್ಚು ಕೇಳಲು ಆಗಲಿಲ್ಲ.

ಬಸ್ಸಲ್ಲಿ ಮೊಬೈಲ್ ತೆಗೆದು ಆ ಹೆಸರು ಹುಡುಕಿದೆ. ಪಕ್ಕದಲ್ಲೇ ಗರ್ಭಕಂಠದ ಕ್ಯಾನ್ಸರ್ ಅಂತ ಬಂತು. ಹಗರೆ ಬರುವಷ್ಟರಲ್ಲಿ ಕೈ ನಡುಗುತ್ತಿತ್ತು. ನಾದಿನಿಗೆ ಹೇಳಿದರೆ "ಮಕ್ಕಳಾಗಿವೆಯಲ್ಲ, ಗರ್ಭಕೋಶ ತೆಗೆಸಿಬಿಡು" ಅಂದಳು. ಯಜಮಾನರು "ನನಗೇನೂ ತೊಂದರೆ ಇಲ್ಲ, ನನಗ್ಯಾಕೆ ಮಾತ್ರೆ" ಅಂತಾರೆ. ಯಾರಾದರೂ ತಿಳಿದವರು ಹೇಳಿ.

ಮೂಡಿಗೆರೆ ಅಕ್ಕ:
ನನಗೂ ಬಂದಿತ್ತು, ಮಾತ್ರೆಗೆ ಹೋಯಿತು. ಗರ್ಭಕೋಶದ ಮಾತು ಬಿಡಿ. ನೆಗಡಿಗೆ ಮೂಗು ಕೊಯ್ದುಕೊಳ್ಳುತ್ತಾರಾ?

ಸ್ಲೈಡ್ ನೋಡುವವಳು, ಹಾಸನ:
ನಾನು ಲ್ಯಾಬ್ ಟೆಕ್ನಿಷಿಯನ್, 14 ವರ್ಷದಿಂದ ಇದೇ ಕೆಲಸ. ಡಾಕ್ಟರ್ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಈ ಟ್ರೈಕೋ ಒಂದೇ ಜೀವಕೋಶದ ಪರಾವಲಂಬಿ. ವೈರಸ್ಸೂ ಅಲ್ಲ, ಫಂಗಸ್ಸೂ ಅಲ್ಲ. ಅದಕ್ಕೇ ನಿಮ್ಮ ಮೊದಲ ಮಾತ್ರೆ ಕೆಲಸ ಮಾಡಲಿಲ್ಲ. ಒಂದು ಹನಿ ಸಲೈನ್‌ನಲ್ಲಿ ತಾಜಾ ಸ್ರಾವ ಹಾಕಿ ನೋಡಿದರೆ ಗೇರುಹಣ್ಣಿನ ಆಕಾರದ್ದು ಕುಪ್ಪಳಿಸುತ್ತಾ ಓಡಾಡುತ್ತದೆ. ಮುಂದೆ ನಾಲ್ಕು ಎಳೆ ಬಾಲ. ಸ್ಲೈಡ್ ತಣ್ಣಗಾದರೆ ನಿಂತುಬಿಡುತ್ತದೆ, ಆಮೇಲೆ ಅದನ್ನೂ ಬಿಳಿ ರಕ್ತಕಣವನ್ನೂ ಬೇರೆ ಮಾಡುವುದು ಕಷ್ಟ. ಡಿಸೆಂಬರ್ ಬೆಳಿಗ್ಗೆ ನಾನು ಸ್ಲೈಡ್ ಹಿಡಿದು ಓಡುವುದನ್ನು ನೋಡಿ ನಮ್ಮವರು ನಗುತ್ತಾರೆ. ಹಾಗಾಗಿ ಸ್ಲೈಡಲ್ಲಿ ಕಾಣಲಿಲ್ಲ ಅಂದರೆ ಇಲ್ಲವೇ ಇಲ್ಲ ಅಂತ ಅರ್ಥ ಅಲ್ಲ. 1836ರಲ್ಲೇ ಪ್ಯಾರಿಸ್‌ನ ಡೋನೆ ಅನ್ನುವ ವೈದ್ಯ ಇದನ್ನು ಕಂಡು ಬರೆದಿದ್ದ. ನಮ್ಮ ಕಡೆ ಇವತ್ತಿಗೂ ಎಲ್ಲಕ್ಕೂ ಒಂದೇ ಹೆಸರು, ಬಿಳಿ ಸೆರಗು.

ಈಗ ಕ್ಯಾನ್ಸರ್ ವಿಷಯ. ಗರ್ಭಕಂಠದ ಕ್ಯಾನ್ಸರಿಗೆ ಮೂಲ ಎಚ್‌ಪಿವಿ ವೈರಸ್. ಸುಮಾರು 70% ಪ್ರಕರಣ ಅದರ 16 ಮತ್ತು 18ನೇ ತಳಿಗಳಿಂದಲೇ. ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ದೇಹವೇ ಅದನ್ನು ಓಡಿಸುತ್ತದೆ. ಕೆಲವರಲ್ಲಿ ಉಳಿಯುತ್ತದೆ, ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹದಿನೈದು ಇಪ್ಪತ್ತು ವರ್ಷ ಬೇಕು. ಟ್ರೈಕೋ ಒಳಪದರಕ್ಕೆ ಅಂಟಿಕೊಂಡು ಅದನ್ನು ಕೆರೆದು ಊದಿಸುತ್ತದೆ. ಅಂಥ ಜಾಗದಲ್ಲಿ ವೈರಸ್ಸಿಗೆ ಒಳಹೋಗಲು, ಉಳಿಯಲು ಸಲೀಸು ಅಂತ ಹೇಳುತ್ತಾರೆ. 1994ರಲ್ಲಿ 24 ಅಧ್ಯಯನಗಳನ್ನು ಒಟ್ಟಿಗೆ ಲೆಕ್ಕ ಹಾಕಿದಾಗ ಟ್ರೈಕೋ ಇದ್ದವರಲ್ಲಿ ಅಪಾಯ ಸುಮಾರು ಎರಡರಷ್ಟು ಕಂಡಿತ್ತು. ಆದರೆ ಟ್ರೈಕೋ, ಎಚ್‌ಪಿವಿ ಎರಡೂ ಬರುವುದು ಒಂದೇ ದಾರಿಯಲ್ಲಿ, ಹಾಗಾಗಿ ಯಾವುದರ ಪಾಲು ಎಷ್ಟು ಅಂತ ಬಿಡಿಸುವುದು ಕಷ್ಟ. ಈ ಟ್ರೈಕೋ ಹುಳ ತಾನಾಗಿಯೇ ಕ್ಯಾನ್ಸರ್ ಆಗಲ್ಲ. ನಿಮ್ಮ ರಿಪೋರ್ಟಲ್ಲಿ ಜೀವಕೋಶ ಸರಿ ಇವೆ, ಅದೇ ದೊಡ್ಡ ಮಾತು.

ಯಜಮಾನರು ಮಾತ್ರೆ ತಗೊಳ್ಳಲೇಬೇಕು. ಗಂಡಸರಲ್ಲಿ ಎಷ್ಟೋ ಸಲ ಒಂದು ಲಕ್ಷಣವೂ ಇರಲ್ಲ. ಅವರು ಬಿಟ್ಟರೆ ಮುಂಬಾಗಿಲಿಗೆ ಚಿಲಕ ಹಾಕಿ ಹಿತ್ತಿಲ ಬಾಗಿಲು ತೆಗೆದಿಟ್ಟ ಹಾಗೆ. ಇಬ್ಬರದೂ ಮುಗಿದು ಒಂದು ವಾರ ಆಗುವವರೆಗೆ ಜೊತೆ ಸೇರುವುದು ಬೇಡ. ಮೂರು ತಿಂಗಳಿಗೆ ಮತ್ತೆ ಪರೀಕ್ಷೆ ಮಾಡಿಸಿ. ಆಗಲೇ ಎಚ್‌ಪಿವಿ ಪರೀಕ್ಷೆ ಬೇಕಾ ಅಂತ ಡಾಕ್ಟರನ್ನು ಕೇಳಿ.

ಬೇಲೂರು ಟೈಲರ್:
ಇದು ಎಲ್ಲಿಂದ ಬಂತು ಅಂತ ನಮ್ಮಿಬ್ಬರ ನಡುವೆ ಎರಡು ದಿನ ಮಾತಿಲ್ಲ.

ಸ್ಲೈಡ್ ನೋಡುವವಳು, ಹಾಸನ:
ಅದನ್ನು ಕೇಳುತ್ತೀರಿ ಅಂತ ಗೊತ್ತಿತ್ತು. ಹರಡುವುದು ಲೈಂಗಿಕ ಸಂಪರ್ಕದಿಂದಲೇ, ಸುಳ್ಳು ಹೇಳಲ್ಲ. ಆದರೆ ಲಕ್ಷಣ ತೋರಿಸದೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಕೂತಿರಬಲ್ಲದು. ಯಾವಾಗ ಬಂತು ಅಂತ ಸ್ಲೈಡ್ ಹೇಳಲ್ಲ. ಈ ವಾರ ಜಗಳಕ್ಕಿಂತ ಮಾತ್ರೆ ಮುಖ್ಯ ಅಲ್ವಾ?

ಮೂಡಿಗೆರೆ ಅಕ್ಕ:
ಮಗಳಿದ್ದರೆ ಎಚ್‌ಪಿವಿ ಲಸಿಕೆ ಬಗ್ಗೆ ಕೇಳಿ. 9ರಿಂದ 14 ವರ್ಷದೊಳಗೆ ಒಳ್ಳೆಯದಂತೆ. ಈ ಹುಳಕ್ಕೆ ಅದು ತಡೆ ಅಲ್ಲ, ವೈರಸ್ಸಿಗೆ ಮಾತ್ರ.

ಬೇಲೂರು ಟೈಲರ್:
ಮಗಳು ಎಂಟನೇ ಕ್ಲಾಸು, ಕೇಳುತ್ತೇನೆ. ಯಜಮಾನರಿಗೆ ಸ್ಲೈಡ್ ಅಕ್ಕನ ಉತ್ತರ ಓದಿ ಹೇಳಿದೆ. ಮಾತಾಡಲಿಲ್ಲ, ಆದರೆ ರಾತ್ರಿ ಊಟ ಆದಮೇಲೆ ಮಾತ್ರೆ ನುಂಗಿದರು. ಬೆಳಿಗ್ಗೆ ಕಾಫಿ ಕುಡಿದು "ಬಾಯೆಲ್ಲ ಕಬ್ಬಿಣ ನೆಕ್ಕಿದ ಹಾಗಿದೆ" ಅಂದರು. ನನಗೂ ಹಾಗೇ ಆಗುತ್ತಿದೆ. ಅದು ಮಾತ್ರೆಯದೇನಾ?

ಸ್ಲೈಡ್ ನೋಡುವವಳು, ಹಾಸನ:
ಹೌದು, ಮಾತ್ರೆಯದೇ. ಮಧ್ಯದಲ್ಲಿ ಬಿಡಬೇಡಿ.