30 ನಿಮಿಷಕ್ಕೆ ನೆನಪಿದ್ದದ್ದು ವಾರಕ್ಕೆ ಇಲ್ಲ: ಈ ಮರೆವನ್ನು ಅಳೆಯುವುದು ಹೇಗೆ?

ಪ್ರಶ್ನೆ:
ಟೆಂಪೊರಲ್ ಲೋಬ್ (ಕಿವಿಯ ಬಳಿಯ ಮಿದುಳಿನ ಭಾಗ) ಮೂರ್ಛೆರೋಗ ಇರುವ ಕೆಲವರು 30 ನಿಮಿಷದ ನೆನಪಿನ ಪರೀಕ್ಷೆಯಲ್ಲಿ ಸರಿಯಾಗಿಯೇ ಉತ್ತರಿಸುತ್ತಾರೆ. ಆದರೂ ಕಳೆದ ವಾರದ್ದು ಏನೂ ನೆನಪಿಲ್ಲ ಎನ್ನುತ್ತಾರೆ. 15 ಪದಗಳ ಪಟ್ಟಿಯನ್ನು 5 ಸುತ್ತು ಓದಿ ಹೇಳಿ, 30 ನಿಮಿಷ, 1 ದಿನ, 7 ದಿನ ಬಿಟ್ಟು ಅದನ್ನೇ ಕೇಳುವ ಯೋಜನೆ ಇದೆ. 5ನೇ ಸುತ್ತಿಗೆ ರೋಗಿ 9, ಆರೋಗ್ಯವಂತರು 14 ಪದ ಹೇಳಿ, ವಾರದ ಮೇಲೆ 4 ಮತ್ತು 9ಕ್ಕೆ ಇಳಿದರೆ ರೋಗಿ ಬೇಗ ಮರೆತರು ಅನ್ನಬಹುದೇ?

ಉತ್ತರ 1:
ಅನ್ನಲಾಗದು. ನಿಮ್ಮ ಅಂಕಿಗಳನ್ನೇ ನೋಡಿ. ಕಳೆದು ನೋಡಿದರೆ ಇಬ್ಬರಿಗೂ 5 ಪದ ಹೋಗಿದೆ, ವ್ಯತ್ಯಾಸವೇ ಇಲ್ಲ. ಶೇಕಡಾ ಲೆಕ್ಕದಲ್ಲಿ ರೋಗಿಗೆ ಉಳಿದದ್ದು 44, ಇನ್ನೊಬ್ಬರಿಗೆ 64. ಕಲಿತದ್ದೇ ಹೆಚ್ಚುಕಡಿಮೆ ಇದ್ದಾಗ ಹೀಗೆ ಲೆಕ್ಕದ ರೀತಿಯೇ ತೀರ್ಪು ಕೊಟ್ಟುಬಿಡುತ್ತದೆ.

ಸುತ್ತುಗಳ ಸಂಖ್ಯೆ ಬಿಟ್ಟು ಕಲಿಕೆಯ ಮಟ್ಟವನ್ನು ನಿಗದಿ ಮಾಡಿ. 15ರಲ್ಲಿ 12 ಬಂದ ಕೂಡಲೇ ನಿಲ್ಲಿಸಿ. ಒಬ್ಬರಿಗೆ 3 ಸುತ್ತು, ಇನ್ನೊಬ್ಬರಿಗೆ 9 ಸುತ್ತು ಆಗಲಿ. ಪೂರ್ತಿ 15 ಬರಲಿ ಎಂದು ಕಾಯಬೇಡಿ: 3ನೇ ಸುತ್ತಿಗೇ 15 ಹೇಳಿದವರ ನೆನಪು ಅದಕ್ಕಿಂತ ಎಷ್ಟು ಗಟ್ಟಿ ಎಂಬುದು ಅಂಕದಲ್ಲಿ ಕಾಣುವುದಿಲ್ಲ. ಪ್ರತಿ ಸುತ್ತಿನ ನಂತರ 30–40 ಸೆಕೆಂಡು ಹಿಮ್ಮುಖವಾಗಿ ಎಣಿಸಲು ಹೇಳಿ, ಇಲ್ಲವಾದರೆ ಆಗಷ್ಟೇ ಕಿವಿಗೆ ಬಿದ್ದ ಕೊನೆಯ ಪದಗಳೂ ಕಲಿಕೆಯ ಲೆಕ್ಕಕ್ಕೆ ಸೇರುತ್ತವೆ.

1979ರಲ್ಲಿ ಹಪರ್ಟ್ ಮತ್ತು ಪಿಯರ್ಸಿ, ಮಿದುಳಿನ ಶಸ್ತ್ರಚಿಕಿತ್ಸೆಯ ನಂತರ ಹೊಸ ನೆನಪು ಉಳಿಸಿಕೊಳ್ಳಲಾಗದ ಎಚ್.ಎಂ. ಎಂಬ ರೋಗಿಗೆ ಚಿತ್ರಗಳನ್ನು ಹೆಚ್ಚು ಹೊತ್ತು ತೋರಿಸಿ ಹೀಗೆ ಕಲಿಕೆಯನ್ನು ಸಮ ಮಾಡಿದ್ದರು. ಎಚ್.ಎಂ. ಬೇಗ ಮರೆಯುತ್ತಾರೆ ಎಂಬ ಆ ಫಲಿತಾಂಶ 1987ರ ಮರುಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಇಷ್ಟು ಎಚ್ಚರ ವಹಿಸಿದರೂ ಇದು ನಾಜೂಕಿನ ಕೆಲಸವೇ.

ಉತ್ತರ 2:
ಇನ್ನೂ ದೊಡ್ಡ ತೊಡಕು, ಅದೇ ಪಟ್ಟಿಯನ್ನು ಮೂರು ಸಲ ಕೇಳುವುದು. ನೆನಪಿಸಿಕೊಂಡು ಹೇಳಿದ ಪದ ಅಲ್ಲೇ ಇನ್ನಷ್ಟು ಬೇರೂರುತ್ತದೆ. 30 ನಿಮಿಷದ ಪರೀಕ್ಷೆಯೇ 7ನೇ ದಿನದ ಮರೆವನ್ನು ಮುಚ್ಚಿಹಾಕಬಹುದು. ಮೂರು ಪಟ್ಟಿ ಮಾಡಿ, ಒಂದೊಂದನ್ನು ಒಂದೊಂದು ಅವಧಿಗೆ ಮಾತ್ರ ಕೇಳಿ. ಯಾವ ಪಟ್ಟಿ ಯಾವ ಅವಧಿಗೆ ಎಂಬುದನ್ನು ಜನರ ನಡುವೆ ಅದಲುಬದಲು ಮಾಡಿ.

7ನೇ ದಿನ ಫೋನಿನಲ್ಲಿ ಕೇಳಿದರೆ ಸಾಕು. ಕರೆ ಬರುತ್ತದೆ ಎಂದು ತಿಳಿಸಿ, ಪದ ಕೇಳುತ್ತೇವೆ ಎನ್ನಬೇಡಿ. ಮುಗಿದ ಮೇಲೆ, ನಡುವೆ ಬರೆದಿಟ್ಟುಕೊಂಡಿರಾ, ಮನಸ್ಸಿನಲ್ಲಿ ಹೇಳಿಕೊಂಡಿರಾ ಎಂದು ವಿಚಾರಿಸಿ. ಆಮೇಲೆ 15 ಹಳೆಯ, 15 ಹೊಸ ಪದಗಳನ್ನು ಬೆರೆಸಿ ಗುರುತಿಸಲು ಹೇಳಿ.

ಉತ್ತರ 3:
ಆ ಗುರುತಿಸುವ ಭಾಗವನ್ನು ಬಿಡಲೇಬೇಡಿ. ಟೋಪಿರಮೇಟ್ ಎಂಬ ಮೂರ್ಛೆರೋಗದ ಔಷಧ ತೆಗೆದುಕೊಳ್ಳುವವರಿಗೆ ಪದವೇ ಬಾಯಿಗೆ ಬರದೆ ಇರಬಹುದು. ಅದನ್ನು ಮರೆವು ಎಂದು ಬರೆದುಕೊಂಡರೆ ಅವರಿಗೆ ಅನ್ಯಾಯ. ಆ 7 ದಿನಗಳಲ್ಲಿ ಬಂದ ಮೂರ್ಛೆ, ಔಷಧದ ಬದಲಾವಣೆ, ನಿದ್ದೆ, ಖಿನ್ನತೆ ಎಲ್ಲವನ್ನೂ ದಿನಾಂಕ ಸಮೇತ ಗುರುತು ಮಾಡಿ.

ಪ್ರಶ್ನೆ ಕೇಳಿದವರು:
10 ಸುತ್ತು ಆದರೂ 12 ಮುಟ್ಟದವರನ್ನು ಕೈಬಿಡಬೇಕೇ?

ಉತ್ತರ 1:
ಸದ್ದಿಲ್ಲದೆ ಬಿಡಬೇಡಿ. ಹೆಚ್ಚು ಪೆಟ್ಟು ತಿಂದವರು ಅವರೇ. ಎಷ್ಟು ಜನ, ಎಲ್ಲಿ ನಿಂತರು ಎಂದು ಬೇರೆಯಾಗಿ ಬರೆಯಿರಿ. ಹೋಲಿಕೆಯಲ್ಲಿ ಮಾತ್ರ ಸೇರಿಸಬೇಡಿ.